ಯಾರ ಮನೆಯ ನೀರು ಕುಡಿದೆವು?

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರಿಗೆ ಬಿಡುವೆಂಬುದಿಲ್ಲ. ಒಂದು ಕಡೆ ಗೋದಲಿಯ ಕೆಲಸ, ಇನ್ನೊಂದು ಕಡೆ ಕ್ಯಾರಲ್ ಹಾಡುಗಳ ಅಭ್ಯಾಸ. ಇವುಗಳ ನಡುವೆ ಒಂದು ಭಾನುವಾರ ಮಧ್ಯಾಹ್ನ ಬಾಡಿಗೆಯ ಟೆಂಪೊದಲ್ಲಿ ಅಕ್ಕಿ, ಬೇಳೆ, ಹೊದಿಕೆ, ಕೇಕಿನ ಪೊಟ್ಟಣಗಳನ್ನು ಹೇರಿಕೊಂಡು ಊರ ಅಂಚಿನ ಕಾಲನಿಗೋ ಅನಾಥಾಶ್ರಮಕ್ಕೋ ಹೋಗಿ ಹಂಚಿ ಬರುತ್ತಾರೆ. ಒಂದೆರಡು ಛಾಯಾಚಿತ್ರಗಳು ಧರ್ಮಕೇಂದ್ರದ ಪತ್ರಿಕೆಯಲ್ಲಿ ಅಚ್ಚಾಗುತ್ತವೆ.

ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಪರೀಕ್ಷೆ, ಉದ್ಯೋಗ, ಮೊಬೈಲುಗಳ ನಡುವೆಯೂ ಅರ್ಧ ದಿನವನ್ನು ಪರರಿಗಾಗಿ ಎತ್ತಿಡುವ ಮಕ್ಕಳು ನಮ್ಮ ಭಾಗ್ಯವೇ ಸರಿ. ಆದರೂ ಹಿಂದಿರುಗಿ ಬಂದವರನ್ನು ಒಂದು ಮಾತು ಕೇಳುವುದು ನನ್ನ ವಾಡಿಕೆ: “ಅಲ್ಲಿ ಯಾರ ಮನೆಯಲ್ಲಾದರೂ ಒಂದು ಲೋಟ ನೀರು ಕುಡಿದಿರಾ?” ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಸಮಯವಿರಲಿಲ್ಲ, ನೀರಿನ ಬಾಟಲಿಗಳನ್ನು ನಾವೇ ಕೊಂಡುಹೋಗಿದ್ದೆವು, ಮನೆಯ ಒಳಗೆ ಹೋಗುವ ಪ್ರಮೇಯ ಬರಲಿಲ್ಲ ಎಂಬ ಉತ್ತರಗಳು ಬರುತ್ತವೆ. ಸುಳ್ಳು ಹೇಳುವವರಲ್ಲ ಅವರು. ಪ್ರಮೇಯ ಬರಲಿಲ್ಲ ಎಂಬುದೇ ಇಲ್ಲಿ ವಿಚಾರಮಾಡಬೇಕಾದ ಸಂಗತಿ.

ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ನೆನಪಿಗೆ ತಂದುಕೊಳ್ಳೋಣ. ಬಿಸಿಲೇರಿದ ಹೊತ್ತು. ಪ್ರಯಾಣದಿಂದ ದಣಿದ ಪ್ರಭು ಯೇಸು ಸಮಾರಿಯ ಸೀಮೆಯ ಸಿಖಾರ್ ಎಂಬ ಊರಿನ ಬಳಿ ಯಕೋಬನ ಬಾವಿಯ ಕಟ್ಟೆಯಲ್ಲಿ ಕುಳಿತಿದ್ದಾರೆ. ನೀರು ಸೇದಲು ಬಂದ ಸ್ತ್ರೀಯೊಡನೆ ಅವರು ಆಡಿದ ಮೊದಲ ಮಾತು ಉಪದೇಶವಲ್ಲ, ಕೊಡುಗೆಯ ಮಾತೂ ಅಲ್ಲ. ಕುಡಿಯಲು ನೀರು ಬೇಕೆಂಬ ಬೇಡಿಕೆ. ಆಕೆಗೆ ಆದ ಆಶ್ಚರ್ಯವನ್ನು ನಮ್ಮ ನಾಡಿನ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಯೆಹೂದ್ಯರಿಗೂ ಸಮಾರಿಯರಿಗೂ ಕೊಡುಕೊಳ್ಳುವ ಬಳಕೆ ಇರಲಿಲ್ಲವೆಂದು ಶುಭಸಂದೇಶಕಾರರೇ ಅಲ್ಲಿ ತಿಳಿಸುತ್ತಾರೆ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟದ, ಒಬ್ಬರ ಬಾವಿಗೆ ಇನ್ನೊಬ್ಬರು ಬಾರದ ಕಟ್ಟುಪಾಡನ್ನು ನಮ್ಮ ಅಜ್ಜ ಅಜ್ಜಿಯರು ಕಣ್ಣಾರೆ ಕಂಡವರೇ. ಅಂಥ ಕಟ್ಟುಪಾಡಿನ ನಡುವೆ ಪ್ರಭು ಆಕೆಯ ಕೊಡದ ನೀರನ್ನು ಕೇಳಿದರು. ಆ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಇನ್ನೊಂದು ವಿಷಯವಿದೆ. ಊರವರ ಒತ್ತಾಯಕ್ಕೆ ಮಣಿದು ಅವರು ಎರಡು ದಿನ ಅಲ್ಲಿಯೇ ಉಳಿದರು. ಆ ಎರಡು ದಿನ ಯಾರ ಮನೆಯಲ್ಲಿ ಉಂಡರು, ಯಾರ ಚಾಪೆಯ ಮೇಲೆ ಮಲಗಿದರು ಎಂಬುದನ್ನು ಸಂತ ಯೊವಾನ್ನರು ಬರೆದಿಲ್ಲ. ಸಮಾರಿಯರ ಅನ್ನವನ್ನೇ ಉಂಡಿರಬೇಕೆಂಬುದು ಮಾತ್ರ ಸ್ಪಷ್ಟ.

ಜೆರಿಕೋ ಪಟ್ಟಣದ ಜಕ್ಕಾಯನ ಕಥೆಯೂ ಇದೇ ಬಗೆಯದು. ಮರವೇರಿ ಕುಳಿತಿದ್ದ ಆ ಸುಂಕದವನಿಗೆ ಪ್ರಭು ಏನನ್ನೂ ಕೊಡಲಿಲ್ಲ. ಅವನ ಮನೆಗೆ ತಾವಾಗಿಯೇ ಅತಿಥಿಯಾಗಿ ಹೋದರು. ಊರವರು ಗೊಣಗಿದ್ದು ಅದಕ್ಕೇ.

ಕೊಡುವಾಗ ನಮ್ಮ ಕೈ ಮೇಲಿರುತ್ತದೆ. ಪಡೆಯುವಾಗ ಆ ಕೈ ಕೆಳಗಿಳಿಯಬೇಕು. ನಮ್ಮ ಮಕ್ಕಳಿಗೆ ನಾವು ಮೊದಲನೆಯದನ್ನು ಚೆನ್ನಾಗಿ ಕಲಿಸಿದ್ದೇವೆ, ಎರಡನೆಯದನ್ನು ಕಲಿಸಿಲ್ಲ. ಜಾತಿ, ವರ್ಗ, ಭಾಷೆ, ಮತಗಳ ಅಂತರವನ್ನು ಪ್ರೀತಿಯಿಂದ ದಾಟಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಲೇ ಇದ್ದರೂ ಅಂತರವು ಇದ್ದಲ್ಲೇ ಇರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಅಂತಿಯೋಕ್ಯದ ಪಂಕ್ತಿ

ಪಂಕ್ತಿಯಲ್ಲಿ ಯಾರೊಡನೆ ಕೂರಬೇಕು ಎಂಬ ಪ್ರಶ್ನೆ ಆದಿ ಧರ್ಮಸಭೆಯನ್ನು ಕೂಡ ಅಲುಗಾಡಿಸಿತ್ತು. ಸಂತ ಪೇತ್ರರು ದರ್ಶನದಲ್ಲಿ ದೇವರ ಇಂಗಿತವನ್ನು ಅರಿತು, ಸೆಜರೇಯ ಪಟ್ಟಣದಲ್ಲಿದ್ದ ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಯನ್ನು ಹೊಕ್ಕರು. ಜೆರುಸಲೇಮಿಗೆ ಮರಳಿದಾಗ ಅಲ್ಲಿನ ಕೆಲವರು ಅವರ ಮೇಲೆ ಹೊರಿಸಿದ ಆಪಾದನೆ ಏನು? ಅನ್ಯರಿಗೆ ಜ್ಞಾನಸ್ನಾನ ಕೊಟ್ಟಿರಿ ಎಂದಲ್ಲ. ಅವರ ಮನೆಗೆ ಹೋಗಿ ಅವರೊಡನೆ ಊಟ ಮಾಡಿದಿರಿ ಎಂದು!

ಪೇತ್ರರು ಅಂದು ಧೈರ್ಯದಿಂದ ಉತ್ತರಿಸಿದರು. ಆದರೆ ಮುಂದೆ ಅಂತಿಯೋಕ್ಯದಲ್ಲಿ ನಡೆದುದನ್ನು ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಅನ್ಯಜನಾಂಗದ ವಿಶ್ವಾಸಿಗಳೊಡನೆ ದಿನವೂ ಉಣ್ಣುತ್ತಿದ್ದ ಪೇತ್ರರು, ಯಕೋಬರ ಕಡೆಯಿಂದ ಕೆಲವರು ಬಂದೊಡನೆ ಮೆಲ್ಲಗೆ ಹಿಂದೆ ಸರಿದರು. ಅವರನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಸರಿದರು, ಬಾರ್ನಬರಂಥವರೂ ಸರಿದರು. ಪೌಲರು ಎಲ್ಲರ ಎದುರಿನಲ್ಲೇ ಅವರನ್ನು ಆಕ್ಷೇಪಿಸಬೇಕಾಯಿತು.

ಪೇತ್ರರ ವಿಶ್ವಾಸದಲ್ಲಿ ಏನೂ ಬದಲಾಗಿರಲಿಲ್ಲ. ಅವರನ್ನು ಕಾಡಿದ್ದು ತಮ್ಮವರ ಭಯ, ನಾಲ್ಕು ಜನ ಏನೆಂದಾರೆಂಬ ಅಳುಕು. ಈ ಅಳುಕು ನಮಗೆ ಬಹಳ ಪರಿಚಿತ. ಮನೆಯಲ್ಲಿ ಮಗಳ ಸಹಪಾಠಿಯೊಡನೆ ನಗುನಗುತ್ತಾ ಮಾತನಾಡುವ ತಂದೆ, ಅಷ್ಟರಲ್ಲಿ ಅಣ್ಣತಮ್ಮಂದಿರ ಕಾರು ಅಂಗಳದಲ್ಲಿ ನಿಂತರೆ ದನಿಯನ್ನು ಬದಲಿಸುತ್ತಾನೆ. ಆ ಬದಲಾದ ದನಿಯನ್ನು ಮಗಳು ಕೇಳಿಸಿಕೊಳ್ಳುತ್ತಾಳೆ. ಬಾರ್ನಬರು ಸರಿದದ್ದು ಪೇತ್ರರನ್ನು ನೋಡಿ. ಮಕ್ಕಳು ಸರಿಯುವುದು ನಮ್ಮನ್ನು ನೋಡಿ.

ಸಂಕಲೆ ಒಂದೇ ಆದಾಗಲೂ

ಕರಾವಳಿಯ ನಮ್ಮ ಪೂರ್ವಜರಲ್ಲಿ ಬಹುಮಂದಿ ಗೋವೆಯಿಂದ ವಲಸೆ ಬಂದವರು. ಬರುವಾಗ ವಿಶ್ವಾಸವನ್ನು, ಕೊಂಕಣಿ ಭಾಷೆಯನ್ನು ತಂದಂತೆ ಜಾತಿಯನ್ನೂ ತಂದರು. ಬಾಮಣ್, ಚಾರೊಡಿ, ಶೂದ್ರ್ ಎಂಬ ವಿಂಗಡಣೆ ಜ್ಞಾನಸ್ನಾನದ ನೀರಿನಲ್ಲಿ ತೊಳೆದುಹೋಗಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಹಸಿವು, ಬಿಸಿಲು, ಸಂಕಲೆ ಎಲ್ಲರಿಗೂ ಒಂದೇ ಆಗಿತ್ತು. 1799ರ ನಂತರ ಅಳಿದುಳಿದವರು ಊರಿಗೆ ಮರಳಿ ಮನೆ, ಗದ್ದೆ, ದೇವಾಲಯಗಳನ್ನು ಹೊಸದಾಗಿ ಕಟ್ಟಿಕೊಂಡರು. ಅದರೊಂದಿಗೆ ಹಳೆಯ ಗೋಡೆಗಳನ್ನೂ ಕಟ್ಟಿಕೊಂಡರೆಂಬುದು ದುಃಖದ ಮಾತು. ಹದಿನೈದು ವರ್ಷಗಳ ಒಂದೇ ಸಂಕಟ ಮಾಡಲಾಗದ ಕೆಲಸವನ್ನು ವರ್ಷಕ್ಕೊಂದು ಯುವಜನ ಶಿಬಿರ ಮಾಡೀತೆಂದು ನಿರೀಕ್ಷಿಸುವುದು ಹೇಗೆ?

ಇಂದು ದೇವಾಲಯದ ಬೆಂಚುಗಳಲ್ಲಿ ಜಾತಿ ಕಾಣುವುದಿಲ್ಲ, ನಿಜ. ಕಾಲ ಬದಲಾಗಿದೆ, ವಿದ್ಯೆ ಹರಡಿದೆ, ಗಲ್ಫಿನ ದುಡಿಮೆ ಅನೇಕರ ಸ್ಥಿತಿಗತಿಗಳನ್ನು ಮೇಲಕ್ಕೆತ್ತಿದೆ. ಆದರೆ ವಧೂವರರ ಜಾಹೀರಾತುಗಳ ಪುಟವನ್ನು ತೆರೆದರೆ ಅದು ಇಣುಕಿ ನೋಡುತ್ತದೆ. ಬೆಂಗಳೂರಿನಂಥ ನಗರದಲ್ಲಿ ಜಾತಿಯ ಜೊತೆಗೆ ಭಾಷೆಯೂ ಸೇರಿಕೊಂಡು, ಯಾವ ಭಾಷೆಯ ಬಲಿಪೂಜೆ ಯಾವ ಹೊತ್ತಿಗೆ ಎಂಬುದೇ ಮನಸ್ತಾಪಕ್ಕೆ ಕಾರಣವಾದುದುಂಟು. ನೆರೆಯ ತಮಿಳುನಾಡಿನ ತಿರುಚಿನಾಪಳ್ಳಿಯಲ್ಲಿ ಒಂದು ಕಥೋಲಿಕ ಸ್ಮಶಾನದ ನಡುವೆ ದಲಿತರ ಸಮಾಧಿಗಳನ್ನು ಬೇರೆಮಾಡಲು ಗೋಡೆ ನಿಂತಿದ್ದು, ಅದರ ವಿರುದ್ಧ ವಿಶ್ವಾಸಿಗಳೇ ಹೋರಾಡಬೇಕಾಯಿತು.

ಧರ್ಮಸಭೆಯ ಬೋಧನೆಯಲ್ಲಿ ಸಂದಿಗ್ಧತೆ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಎಲ್ಲ ಬಗೆಯ ತಾರತಮ್ಯವೂ ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1982ರಲ್ಲಿ ತಿರುಚಿನಾಪಳ್ಳಿಯಲ್ಲಿ ಸೇರಿದಾಗ ಜಾತಿಭಾವನೆಗೆ ಕ್ರೈಸ್ತ ಧರ್ಮದಲ್ಲಿ ಸ್ಥಾನವಿಲ್ಲವೆಂದು ಘೋಷಿಸಿದರು. ಪೋಪ್ ಎರಡನೆಯ ಜಾನ್ ಪಾಲ್ 2003ರ ನವೆಂಬರಿನಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರನ್ನು ಬರಮಾಡಿಕೊಂಡಾಗ ಅದೇ ಮಾತನ್ನು ಇನ್ನೂ ಖಾರವಾಗಿ ಹೇಳಿದರು. 2016ರಲ್ಲಿ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿ, ಧರ್ಮಸಭೆಯ ಒಳಗೂ ಭೇದಭಾವ ಉಂಟೆಂದು ಒಪ್ಪಿಕೊಂಡಿತು. 2022ರ ಆಗಸ್ಟಿನಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಅಂತೋನಿ ಪೂಲಾ ಅವರು ದಲಿತ ಸಮುದಾಯದಿಂದ ಬಂದ ಮೊತ್ತಮೊದಲ ಕಾರ್ಡಿನಲ್ ಆದರು. ಕಾಗದದಲ್ಲಿ ಬರೆಯಬೇಕಾದುದನ್ನೆಲ್ಲ ಬರೆದಾಗಿದೆ. ಉಳಿದಿರುವುದು ಅಡುಗೆಮನೆ ಮತ್ತು ಜಗಲಿ.

ಮುಡಿಪು ಗುಡ್ಡದ ಸಂತ

ನಮ್ಮ ಯುವಜನರಿಗೆ ಈ ವಿಷಯದಲ್ಲಿ ತೋರಿಸಲು ದೂರದ ಆದರ್ಶವನ್ನೇ ಹುಡುಕಬೇಕಾಗಿಲ್ಲ. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಪುಣ್ಯಕ್ಷೇತ್ರಕ್ಕೆ ನಮ್ಮಲ್ಲಿ ಹೋಗದ ಕುಟುಂಬಗಳು ವಿರಳ. ಅಲ್ಲಿ ನಾವು ಪ್ರಾರ್ಥಿಸುವ ಸಂತ ಜೋಸೆಫ್ ವಾಸ್ 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. ಕ್ರೈಸ್ತರಾದ ಬಳಿಕವೂ ಬ್ರಾಹ್ಮಣ ಕುಲವೆಂಬ ಹೆಮ್ಮೆಯನ್ನು ಉಳಿಸಿಕೊಂಡಿದ್ದ ಸಮಾಜ ಅವರದು. ಗುರುದೀಕ್ಷೆ ಪಡೆದ ಮರುವರ್ಷ, 1677ರಲ್ಲಿ, ಅವರು ತಾವು ಮಾತೆ ಮರಿಯಳ ದಾಸನೆಂದು ಒಂದು ದಾಸ್ಯಪತ್ರವನ್ನೇ ಬರೆದು ಸಹಿ ಮಾಡಿದರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲ ಅದು. ಗೋವೆಯ ಶ್ರೀಮಂತ ಮನೆಗಳಲ್ಲಿ ಗುಲಾಮರು ದುಡಿಯುತ್ತಿದ್ದಾಗ ಒಬ್ಬ ಕುಲೀನ ಗುರು ತನ್ನನ್ನು ಆ ಹೆಸರಿನಿಂದ ಕರೆದುಕೊಂಡದ್ದು ಬರಿಯ ಭಕ್ತಿಯ ಅಲಂಕಾರವೆಂದು ನನಗನಿಸುವುದಿಲ್ಲ.

1681ರಿಂದ ಮೂರು ವರ್ಷ ಅವರು ನಮ್ಮ ಕನ್ನಡ ಕರಾವಳಿಯಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸುತ್ತಾ ತಿರುಗಾಡಿದರು. ಬಳಿಕ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಶ್ರೀಲಂಕೆಗೆ 1687ರಲ್ಲಿ ಹೋದರು. ಹೋದದ್ದು ಗುರುವಿನ ನಿಲುವಂಗಿಯಲ್ಲಲ್ಲ, ಕೂಲಿಯವನ ವೇಷದಲ್ಲಿ. ಜೊತೆಗಿದ್ದವನು ಜಾನ್ ಎಂಬ ಸೇವಕ. ಅಲ್ಲಿಗೆ ತಲುಪುವಷ್ಟರಲ್ಲಿ ಭೇದಿಯಿಂದ ಬಳಲಿ ಬೆಂಡಾಗಿದ್ದ ಅವರು ಅಪರಿಚಿತರ ದಯೆಯಿಂದ ಬದುಕಿಕೊಂಡರು. ಜಾಫ್ನಾದ ಬೀದಿಗಳಲ್ಲಿ ಭಿಕ್ಷುಕನಂತೆ ಮನೆಯಿಂದ ಮನೆಗೆ ನಡೆದು, ಯಾರ ಮನೆಯಲ್ಲಿ ವಿಶ್ವಾಸದ ಕಿಡಿ ಉಳಿದಿದೆಯೆಂದು ಕಂಡುಕೊಂಡರು. ಅಂದರೆ ಆ ನಾಡಿನಲ್ಲಿ ಅವರ ಸೇವೆ ಆರಂಭವಾದದ್ದು ಕೊಡುವುದರಿಂದಲ್ಲ, ಬೇಡುವುದರಿಂದ. ಸಿಖಾರಿನ ಬಾವಿಕಟ್ಟೆಯಲ್ಲಿ ಪ್ರಭು ಮಾಡಿದಂತೆಯೇ.

1692ರಲ್ಲಿ ಕ್ಯಾಂಡಿಯನ್ನು ತಲುಪಿದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಬೌದ್ಧ ಅರಸನು ಅವರನ್ನು ಸೆರೆಯಲ್ಲಿರಿಸಿದನು. ಆ ಬಿಡುವನ್ನು ಅವರು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. 1697ರಲ್ಲಿ ಕ್ಯಾಂಡಿ ನಗರಕ್ಕೆ ಸಿಡುಬು ತಗಲಿತು. ಅರಸನೂ ಸಿರಿವಂತರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿನ ಪಾಲುಮಾಡಿದರು. ಆಗ ಈ ಗುರುವು ಫಾದರ್ ಜೋಸೆಫ್ ಕಾರ್ವಾಲೊ ಅವರೊಡನೆ ರೋಗಿಗಳನ್ನು ಎತ್ತಿ ತಂದು, ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ತಾವೇ ಗುಂಡಿ ತೋಡಿ ಹೂಳಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂಬುದು ಅವರಿಗೆ ಬೇಕಾಗಿರಲಿಲ್ಲ. ಕೀವು, ರಕ್ತ, ಹೆಣ. ಶುದ್ಧಿ ಅಶುದ್ಧಿಗಳ ಎಣಿಕೆಯಲ್ಲಿ ಬೆಳೆದ ಕುಲದ ಒಬ್ಬ ಮನುಷ್ಯ ಯಾವುದನ್ನು ಮುಟ್ಟಬಾರದೋ ಅದನ್ನೆಲ್ಲ ಅವರು ಮುಟ್ಟಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ನಿಧನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಮ್ಮಲ್ಲಿಯೂ ಗಂಟೆಗಳು ಮೊಳಗಿದವು. ಹರಕೆ ಹೊತ್ತು ಮುಡಿಪು ಗುಡ್ಡ ಹತ್ತುವ ಮಕ್ಕಳಿಗೆ ಈ ಸಿಡುಬಿನ ಕಥೆಯನ್ನು ದಾರಿಯಲ್ಲಿ ಹೇಳುವ ತಂದೆತಾಯಿಯರು ಎಷ್ಟು ಮಂದಿಯೋ ತಿಳಿಯೆ.

ಇಂಥ ಪ್ರೀತಿ ನಮ್ಮ ಸಮುದಾಯದ ಏಕಸ್ವಾಮ್ಯವೆಂದು ಮಕ್ಕಳು ತಿಳಿಯಬಾರದು. ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು ಇದ್ದರು. ಸಾರಸ್ವತ ಬ್ರಾಹ್ಮಣ ವಕೀಲರಾದ ಅವರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಆ ಕಾರ್ಯಕ್ಕೆಂದೇ ಸಂಸ್ಥೆಯನ್ನು ಕಟ್ಟಿದರು. ಸ್ವಜಾತಿಯವರು ಬಹಿಷ್ಕರಿಸಿದರೂ ಹಿಂಜರಿಯಲಿಲ್ಲ. 1928ರಲ್ಲಿ ತೀರಿಕೊಂಡಾಗ ತಮ್ಮ ಶವವನ್ನು ಹೊರಬೇಕಾದವರು ಯಾರೆಂಬುದನ್ನೂ ಅವರು ಮೊದಲೇ ಹೇಳಿಟ್ಟಿದ್ದರು: ಸಮಾಜವು ಮುಟ್ಟದವರೆಂದು ದೂರವಿಟ್ಟಿದ್ದ ಜನ. ಗಾಯಗೊಂಡವನನ್ನು ಎತ್ತಿಕೊಂಡವನು ಯಾಜಕನೂ ಅಲ್ಲ, ಲೇವಿಯನೂ ಅಲ್ಲ, ಸಮಾರಿಯದವನು ಎಂದು ಪ್ರಭು ಹೇಳಿದ ಸಾಮತಿಯನ್ನು ಓದುವಾಗ ರಂಗರಾಯರ ಹೆಸರು ನನಗೆ ನೆನಪಾಗುತ್ತದೆ.

ಇಪ್ಪತ್ತರ ಹರೆಯದವರು ಕಟ್ಟಿದ ಸಭೆ

ಬಹುತೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ. ಅದರ ಸಭೆಗಳಲ್ಲಿ ಕೂತಿರುವವರಲ್ಲಿ ನಿವೃತ್ತರೇ ಹೆಚ್ಚು. ಆ ಹಿರಿಯರ ಸೇವೆಗೆ ಕೈಮುಗಿಯುತ್ತಲೇ ಒಂದು ಮಾತನ್ನು ನೆನಪಿಸಬೇಕು: ಈ ಸಭೆಯನ್ನು ಸ್ಥಾಪಿಸಿದವರು ಕಾಲೇಜು ಹುಡುಗರು. 1833ರ ಏಪ್ರಿಲ್ 23ರಂದು ಪ್ಯಾರಿಸ್ಸಿನಲ್ಲಿ ಅದು ಆರಂಭವಾದಾಗ ಫ್ರೆಡರಿಕ್ ಓಝಾನಮ್ ಎಂಬ ವಿದ್ಯಾರ್ಥಿಗೆ ಅಂದೇ ಇಪ್ಪತ್ತು ವರ್ಷ ತುಂಬಿತ್ತು. ಕ್ರೈಸ್ತ ಧರ್ಮದ ಹಿರಿಮೆಯನ್ನು ಅವರು ಚರ್ಚಾಕೂಟದಲ್ಲಿ ವಾದಿಸುತ್ತಿದ್ದಾಗ, ಹಿಂದಿನದಿರಲಿ, ಈಗ ನೀವೇನು ಮಾಡುತ್ತಿದ್ದೀರಿ ಎಂದು ಎದುರಾಳಿಗಳು ಕೇಳಿದರಂತೆ. ಅದಕ್ಕೆ ಮಾತಿನ ಉತ್ತರ ಇರಲಿಲ್ಲ. ಬಡವರ ಬೀದಿಗಳನ್ನು ಅಂಗೈಯಂತೆ ಬಲ್ಲ ಭಗಿನಿ ರೊಸಾಲಿ ಎಂಬ ಸನ್ಯಾಸಿನಿ ಅವರಿಗೆ ದಾರಿ ತೋರಿದರು.

ಅವರು ಮಾಡಿಕೊಂಡ ನಿಯಮ ಬಹಳ ಸರಳ. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಬೇಕು. ಅಲ್ಲಿ ಕುಳಿತು ಮಾತನಾಡಬೇಕು. ಮರಳಿ ಅದೇ ಮನೆಗೆ ಹೋಗಬೇಕು. ಸಭೆಯ ಕೊನೆಯಲ್ಲಿ ಚೀಲವೊಂದು ಸುತ್ತಿ ಬರುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯುವುದಿಲ್ಲ. ಬಡವರನ್ನು ಸಾಲಾಗಿ ನಿಲ್ಲಿಸಿ ಹಂಚುವ ಪದ್ಧತಿ ಇದಲ್ಲ. ಹಂಚಿ ಬರುವವನಿಗೆ ಪಡೆದವರ ಮುಖ ಸಂಜೆಗೆ ಮರೆತುಹೋಗುತ್ತದೆ. ಮೂರನೆಯ ಬಾರಿ ಅದೇ ಮನೆಗೆ ಹೋದವನಿಗೆ ಆ ಮನೆಯ ಮಗುವಿನ ಹೆಸರು, ಅಜ್ಜಿಯ ಕೆಮ್ಮು, ಸೋರುವ ಮಾಡು ಎಲ್ಲವೂ ಗೊತ್ತಿರುತ್ತದೆ. ಸಾಲದ್ದಕ್ಕೆ ಆ ಮನೆಯವರಿಗೂ ಇವನ ವಿಷಯ ಗೊತ್ತಾಗಿರುತ್ತದೆ. ಓಝಾನಮ್ ನಲವತ್ತನೆಯ ವಯಸ್ಸಿನಲ್ಲಿ, 1853ರಲ್ಲಿ ತೀರಿಕೊಂಡರು. 1997ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಯುವಜನ ದಿನಾಚರಣೆ ನಡೆಯುತ್ತಿದ್ದಾಗಲೇ ಅವರಿಗೆ ಪುನೀತ ಪದವಿ ದೊರೆಯಿತು.

ಇದೇ ಸಭೆಗೆ 1918ರಲ್ಲಿ ಇಟಲಿಯ ಟ್ಯೂರಿನ್ ನಗರದ ಹದಿನೇಳರ ಹುಡುಗನೊಬ್ಬ ಸೇರಿದ. ಪಿಯೆರ್ ಜಾರ್ಜಿಯೊ ಫ್ರಸ್ಸಾತಿ. ತಂದೆ ‘ಲಾ ಸ್ತಾಂಪಾ’ ಪತ್ರಿಕೆಯ ಒಡೆಯ, ಮುಂದೆ ಜರ್ಮನಿಗೆ ಇಟಲಿಯ ರಾಯಭಾರಿ. ಮಗ ಆರಿಸಿಕೊಂಡದ್ದು ಗಣಿ ಎಂಜಿನಿಯರಿಂಗ್. ಗಣಿ ಕಾರ್ಮಿಕರ ನಡುವೆ ಬಾಳಬೇಕೆಂಬುದು ಅವನ ಆಸೆ. ರೈಲಿನಲ್ಲಿ ಮೂರನೆಯ ದರ್ಜೆಯಲ್ಲೇ ಪಯಣ. ಪರ್ವತಾರೋಹಣ, ಗೆಳೆಯರ ಕೂಟ, ಗಟ್ಟಿ ನಗು ಎಲ್ಲವೂ ಅವನಿಗಿತ್ತು. ಸಪ್ಪೆ ಮುಖದ ಪುಣ್ಯವಂತನಲ್ಲ. ಕತ್ತಲೆಯ ಓಣಿಗಳ ಮನೆಗಳಿಗೆ ಅವನು ಹೋಗಿಬರುತ್ತಿದ್ದುದು ಮನೆಯವರಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. 1925ರ ಜೂನ್ ಕೊನೆಯಲ್ಲಿ ಪೋಲಿಯೊ ತಗಲಿತು. ತಾನು ಭೇಟಿಮಾಡುತ್ತಿದ್ದ ರೋಗಿಗಳಿಂದಲೇ ಅದು ಬಂದಿರಬೇಕೆಂಬ ಊಹೆ ಇದೆ. ಸಾಯುವ ಹಿಂದಿನ ದಿನ, ಸೆಟೆದುಕೊಳ್ಳುತ್ತಿದ್ದ ಬೆರಳುಗಳಿಂದ ಗೆಳೆಯನಿಗೊಂದು ಚೀಟಿ ಗೀಚಿದ. ಒಬ್ಬ ಬಡರೋಗಿಗೆ ತಲುಪಿಸಬೇಕಾದ ಚುಚ್ಚುಮದ್ದು, ಇನ್ನೊಬ್ಬರು ಅಡವಿಟ್ಟ ವಸ್ತುವಿನ ಚೀಟಿಯ ನವೀಕರಣ, ಇವಿಷ್ಟೇ ಅದರಲ್ಲಿದ್ದುದು. ಜುಲೈ 4ರಂದು, ಇಪ್ಪತ್ತನಾಲ್ಕರ ಹರೆಯದಲ್ಲಿ ತೀರಿಕೊಂಡ. ಶವಯಾತ್ರೆಯ ದಿನ ಬೀದಿಯ ಇಕ್ಕೆಲಗಳಲ್ಲಿ ಟ್ಯೂರಿನ್ನಿನ ಬಡವರು ಕಿಕ್ಕಿರಿದು ನಿಂತಿದ್ದರು. ಇವರೆಲ್ಲ ಯಾರೆಂದು ಮನೆಯವರಿಗೆ ಬೆರಗು. ತಮ್ಮ ಗೆಳೆಯ ಅಷ್ಟು ದೊಡ್ಡ ಮನೆಯವನೆಂದು ಆ ಬಡವರಿಗೆ ಬೆರಗು! 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೊ ಅವರನ್ನು ಸಂತರೆಂದು ಘೋಷಿಸಿದರು.

ಮನೆಯೆಂಬ ಮೊದಲ ತರಗತಿ

ಈಗ ನಮ್ಮ ಮನೆಗಳಿಗೆ ಬರೋಣ. ಮಾತೆಯರೇ, ಮನೆಗೆಲಸಕ್ಕೆ ಬರುವ ಹೆಂಗಸಿಗೆ ಚಹಾ ಕೊಡುವ ಲೋಟ ಯಾವುದು? ಕಪಾಟಿನಲ್ಲಿ ಅದು ಎಲ್ಲರ ಲೋಟಗಳ ಜೊತೆಗಿದೆಯೇ, ಹಿತ್ತಲಿನ ಕಿಟಕಿಯ ಮೇಲಿದೆಯೇ? ಆಕೆ ಚಹಾ ಕುಡಿಯುವುದು ಕುರ್ಚಿಯ ಮೇಲೆಯೋ, ಮೆಟ್ಟಿಲ ಮೇಲೆಯೋ? ನಾಲ್ಕು ವರ್ಷದ ಮಗುವೂ ಇದನ್ನು ಗಮನಿಸುತ್ತದೆ, ಯಾರೂ ಹೇಳಿಕೊಡದೆ ಕಲಿಯುತ್ತದೆ.

ನಮ್ಮ ಭಾಷೆಯಲ್ಲಿ ಇನ್ನೊಂದು ಅಳತೆಗೋಲಿದೆ. ತೆಂಗಿನಕಾಯಿ ಕೀಳಲು ಬರುವ ಅರುವತ್ತು ವರ್ಷದವರನ್ನು ನಮ್ಮ ಹತ್ತು ವರ್ಷದ ಮಗ ಹೆಸರು ಹಿಡಿದು ‘ಬಾ’, ‘ಹೋಗು’ ಎನ್ನುತ್ತಾನೆ. ಬ್ಯಾಂಕಿನಿಂದ ಬಂದ ಇಪ್ಪತ್ತೈದರ ತರುಣನಿಗೆ ‘ಬನ್ನಿ’, ‘ಕುಳಿತುಕೊಳ್ಳಿ’. ಇದನ್ನು ಅವನು ಶಾಲೆಯಲ್ಲಿ ಕಲಿತದ್ದಲ್ಲ. ಗದ್ದೆಯವರನ್ನು, ಕೂಲಿಯವರನ್ನು ಬಹುವಚನದಲ್ಲಿ ಕರೆಯುವುದಕ್ಕೆ ಖರ್ಚೇನೂ ಇಲ್ಲ, ಆದರೆ ನಮ್ಮಲ್ಲಿ ಹಲವರ ನಾಲಗೆಗೆ ಅದು ಅಕ್ಕಿಮೂಟೆಗಿಂತ ಭಾರ. ಸಂತ ಯಕೋಬರು ತಮ್ಮ ಪತ್ರದಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಆಸನವನ್ನೂ ಕೊಳಕು ಬಟ್ಟೆಯವನಿಗೆ ಕಾಲಬಳಿಯ ನೆಲವನ್ನೂ ತೋರಿಸುವ ಸಭೆಯನ್ನು ಗದರಿಸಿದ್ದಾರೆ. ಅವರು ಕನ್ನಡ ಬಲ್ಲವರಾಗಿದ್ದರೆ ಏಕವಚನ ಬಹುವಚನಗಳ ಬಗೆಗೂ ಒಂದು ವಾಕ್ಯ ಸೇರಿಸುತ್ತಿದ್ದರೇನೋ!

ಕ್ರಿಸ್ಮಸ್ಸಿಗೆ ನೆರೆಹೊರೆಗೆ ಕುಸ್ವಾರ್ ಹಂಚುವ ನಮ್ಮ ಪದ್ಧತಿ ಸೊಗಸಾದುದು. ತಟ್ಟೆ ಯಾವ ಯಾವ ಮನೆಗೆ ಹೋಗುತ್ತದೆ, ಯಾವ ಮನೆಯ ಮುಂದೆ ಹಾದುಹೋಗುತ್ತದೆ ಎಂಬುದನ್ನು ಈ ವರ್ಷ ಮಕ್ಕಳಿಗೇ ತೀರ್ಮಾನಿಸಲು ಬಿಟ್ಟು ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಅವರ ಹಬ್ಬದಂದು ಅವರ ಮನೆಗೆ ಹೋಗಿ ಅವರು ಬಡಿಸಿದ್ದನ್ನು ಉಂಡು ಬರಬೇಕು. ‘ಈಗಷ್ಟೇ ಊಟ ಆಯಿತು’ ಎಂಬ ನಮ್ಮ ಸಿದ್ಧ ಉತ್ತರದ ಹಿಂದೆ ಏನಿದೆ ಎಂಬುದು ಬಡಿಸಲು ನಿಂತವರಿಗೆ ಚೆನ್ನಾಗಿ ತಿಳಿಯುತ್ತದೆ.

ಹೀಗೆ ಬರೆಯುವಾಗ ಹಲವು ತಂದೆತಾಯಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತಿದೆ. ಇಷ್ಟೆಲ್ಲ ಬೆರೆಯಲು ಬಿಟ್ಟು ನಾಳೆ ಮದುವೆಯ ಮಾತು ಬಂದರೆ? ಬಾಯಿಬಿಟ್ಟು ಹೇಳದಿದ್ದರೂ ಎಲ್ಲ ಅಂಜಿಕೆಗಳ ತಾಯಿಬೇರು ಇದೇ. ಇಬ್ಬರೂ ಕಥೋಲಿಕರಾಗಿದ್ದರೆ ಉತ್ತರ ಸುಲಭ. ಅನ್ಯಧರ್ಮೀಯರೊಡನೆ ವಿವಾಹವಾಗಲು ಧರ್ಮಸಭೆಯ ಕಾನೂನು ವಿಶೇಷ ವಿನಾಯಿತಿ ಕೇಳುತ್ತದೆ, ಇತರ ಕ್ರೈಸ್ತ ಸಭೆಯವರೊಡನೆ ಅನುಮತಿ ಕೇಳುತ್ತದೆ. ಜಾತಿಯ ಬಗ್ಗೆ ಅದು ಏನನ್ನೂ ಕೇಳುವುದಿಲ್ಲ; ಅಂಥ ಅಡ್ಡಿಯೊಂದು ಆ ಗ್ರಂಥದಲ್ಲಿಯೇ ಇಲ್ಲ. ಇಲ್ಲದ ಅಡ್ಡಿಯನ್ನು ಒಡ್ಡುತ್ತಿರುವವರು ನಾವು. ಆ ಮಾತಿನಿಂದ ಕಣ್ಣೀರಿಟ್ಟ ಮಕ್ಕಳು ನಮ್ಮ ನಡುವೆ ಇದ್ದಾರೆ. ಅಂಥವರಲ್ಲಿ ಕೆಲವರು ದೇವಾಲಯದಿಂದಲೇ ದೂರ ಸರಿದರೆ ನಾವು ಕಾಲವನ್ನು ದೂರುತ್ತೇವೆ.

ಬೇರೆ ಧರ್ಮದವರ ವಿಷಯದಲ್ಲಿ ಅಂಜಿಕೆ ಇನ್ನೊಂದು ಬಗೆಯದು. ನಮ್ಮ ಕರಾವಳಿಯಲ್ಲಿ ಬೇರೆ ಬೇರೆ ಮತದ ಸಹಪಾಠಿಗಳು ಒಟ್ಟಿಗೆ ಕುಳಿತು ತಿಂಡಿ ತಿಂದುದಕ್ಕೇ ಗುಂಪುಗೂಡಿ ಹಲ್ಲೆ ಮಾಡಿದ ಘಟನೆಗಳು ನಡೆದಿವೆ. ಮಕ್ಕಳಿಗೆ ಎಚ್ಚರಿಕೆ ಹೇಳುವುದು ಹಿರಿಯರ ಕರ್ತವ್ಯವೇ. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಗೆಳೆತನವನ್ನೇ ಕಡಿದುಹಾಕುವುದು ಪರಿಹಾರವಲ್ಲ. ಇಬ್ಬರು ಮಕ್ಕಳ ಗೆಳೆತನವನ್ನು ಎರಡು ಮನೆಗಳ ಗೆಳೆತನವಾಗಿ ಮಾಡಿಕೊಳ್ಳುವುದು ಉತ್ತಮ. ತಾಯಿ ತಾಯಿಯನ್ನು ಬಲ್ಲಳು, ತಂದೆ ತಂದೆಯನ್ನು ಬಲ್ಲನು ಎಂದಾದರೆ ಬೀದಿಯ ಮಾತಿಗೆ ಅಷ್ಟು ಬಲವಿರುವುದಿಲ್ಲ. ಪೋಪ್ ಫ್ರಾನ್ಸಿಸ್ 2020ರ ಅಕ್ಟೋಬರಿನಲ್ಲಿ ಅಸ್ಸಿಸಿಯಲ್ಲಿ ಸಹಿಮಾಡಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದ ಒಂದು ಪೂರ್ಣ ಅಧ್ಯಾಯವನ್ನು ಸಮಾರಿಯದವನ ಸಾಮತಿಗೇ ಮೀಸಲಿಟ್ಟಿದ್ದಾರೆ. ಯುವಜನರ ಅಧ್ಯಯನ ಕೂಟಕ್ಕೆ ಅದೊಂದೇ ಅಧ್ಯಾಯ ಒಂದು ತಿಂಗಳಿಗೆ ಸಾಕು.

ಓದುವುದಷ್ಟೇ ಸಾಲದು ಎನ್ನುವವರಿಗೆ ಹತ್ತಿರದಲ್ಲಿಯೇ ಕೆಲಸವಿದೆ. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ದೇವಾಲಯದ ಹಿಂಬದಿಯ ಬಾಗಿಲ ಕಡೆ ಒಮ್ಮೆ ನೋಡಿರಿ. ಝಾರ್ಖಂಡ್, ಒಡಿಶಾ, ಛತ್ತೀಸಗಢಗಳ ಆದಿವಾಸಿ ಯುವಕರು ಅಲ್ಲಿ ನಿಂತಿರುವುದನ್ನು ನಗರದ ಹಾಗೂ ಬಂದರು ಪ್ರದೇಶದ ಧರ್ಮಕೇಂದ್ರಗಳಲ್ಲಿ ಕಾಣಬಹುದು. ಕಟ್ಟಡದ ಕೆಲಸ, ಹೋಟೆಲಿನ ಕೆಲಸ, ಮೀನಿನ ಕೆಲಸ ಮಾಡುವವರು. ಅವರಲ್ಲಿ ಅನೇಕರು ತಲೆಮಾರುಗಳಿಂದ ಕಥೋಲಿಕರು. ಕೊಂಕಣಿಯೋ ಕನ್ನಡವೋ ಆದ ಪೂಜೆ ಅರ್ಥವಾಗದಿದ್ದರೂ ಮೊಣಕಾಲೂರಬೇಕಾದ ಕ್ಷಣ ಅವರಿಗೆ ತಪ್ಪುವುದಿಲ್ಲ. ಪರಮಪ್ರಸಾದ ಸ್ವೀಕರಿಸಿ, ಕೊನೆಯ ಹಾಡು ಮುಗಿಯುವ ಮೊದಲೇ ಹೊರಟುಹೋಗುತ್ತಾರೆ. ನಿಲ್ಲೆಂದು ಹೇಳುವವರು ಯಾರೂ ಇಲ್ಲ.

ಯುವಜನ ಸಂಘದ ಇಬ್ಬರು ಬಾಗಿಲಲ್ಲಿ ಅವರಿಗಾಗಿ ಕಾಯಬಹುದು. ಅವರ ಮನೆಮಾತುಗಳಲ್ಲಿ ಸಾದ್ರಿ ಒಂದು. ಅದರಲ್ಲಿ ಒಳ್ಳೆಯ ಭಕ್ತಿಗೀತೆಗಳಿವೆ. ಒಂದನ್ನು ಅವರಿಂದ ಕಲಿತು ಗಾಯನವೃಂದದಲ್ಲಿ ಹಾಡಬಹುದು. ಹಿಂದಿ ಹರುಕುಮುರುಕಾಗಿ ಬಂದರೂ ಮಾತು ಸಾಗುತ್ತದೆ. ಅವರು ತಂಗಿರುವ ಕೋಣೆಗೆ ಕರೆದರೆ ಹೋಗಿರಿ, ಚಹಾ ಕೊಟ್ಟರೆ ಕುಡಿಯಿರಿ. ಮೊದಲ ಸಲ ಏನನ್ನೂ ಕೊಂಡುಹೋಗಬೇಡಿರಿ. ಮಾತು ಹೇಗೆ ಆರಂಭಿಸುವುದೆಂಬ ಸಂಕೋಚವಿದ್ದರೆ, ಆ ನಾಡಿನ ಕ್ರೈಸ್ತರು ಎದುರಾದಾಗ ಒಬ್ಬರಿಗೊಬ್ಬರು ‘ಜೈ ಯೇಸು’ ಎನ್ನುತ್ತಾರೆ. ಅದನ್ನು ಹೇಳಿ, ಬಳಿಕ ಹೆಸರು ಕೇಳಿರಿ.